ಬೆರಳವ್ವನ ಒರಗುಪಟ್ಟಿ

ಹೋದ ತಿಂಗಳು ತಂಗಿಯ ಮೊಮ್ಮಗನಿಗೆ ಹೆಸರಿಡುವ ಕಾರ್ಯಕ್ಕೆಂದು ನಾನೂ ನನ್ನ ಹೆಂಡತಿ ನೀಲವ್ವನೂ ಹಾನಗಲ್ಲಿಗೆ ಹೋಗಿದ್ದೆವು. ಬಸ್ಸಿನಿಂದ ಇಳಿದು ಚೀಲ ಹೆಗಲಿಗೇರಿಸುವಷ್ಟರಲ್ಲಿ ಮೂಗಿಗೆ ಸುಟ್ಟ ಮರದ ವಾಸನೆ ಬಡಿಯಿತು. ಒಲೆಯಲ್ಲಿ ಉರಿಯುವ ಕಟ್ಟಿಗೆಯ ವಾಸನೆಯಲ್ಲ ಅದು. ತಿರುಗುವ ಗರಗಸಕ್ಕೆ ಹಲಗೆ ಸಿಕ್ಕಿಕೊಂಡು, ಮುಂದೆ ಹೋಗಲಾರದೆ ಹಿಂದೆ ಬರಲಾರದೆ ತಿಕ್ಕಾಡಿ ಕಂದುಗಟ್ಟಿದಾಗ ಬರುವ ವಾಸನೆ. ಗೊತ್ತಿಲ್ಲದವರಿಗೆ ಅದು ಬರೀ ಹೊಗೆ. ನನ್ನ ಎಡಗೈಯ ಹೆಬ್ಬೆರಳು ಮಾತ್ರ ತಾನಾಗಿಯೇ ಮುಷ್ಟಿಯೊಳಗೆ ಹೋಗಿ ಅಡಗಿತು. ಐವತ್ತು ವರ್ಷದ ಹಳೆಯ ಅಭ್ಯಾಸ.

"ಯಾವಂದೋ ಪಟ್ಟಿ ಸೊಟ್ಟಾಗೇತಿ," ಎಂದೆ ನಾನು.

ನೀಲವ್ವ ಮೂಗಿಗೆ ಸೆರಗು ಹಿಡಿದು ಅತ್ತ ಇತ್ತ ನೋಡಿದಳು. "ಸೊಟ್ಟಾಗಿರಂಗಿಲ್ಲ. ಹುಣಸಿಹಣ್ಣು ಕಂಡಿರಂಗಿಲ್ಲ, ಅಷ್ಟ," ಎಂದಳು.

ನಮ್ಮಿಬ್ಬರಿಗೂ ನಗು ಬಂದು, ಬಸ್‌ಸ್ಟ್ಯಾಂಡಿನ ನಡುವೆ ಇಬ್ಬರು ಮುದುಕರು ಕಾರಣವಿಲ್ಲದೆ ನಗುವುದನ್ನು ಕಂಡು ಜನ ಸ್ವಲ್ಪ ದೂರ ಸರಿದರು. ಕಾರಣ ಇತ್ತು. ಅದನ್ನು ಹೇಳಬೇಕಾದರೆ ಒಂದು ಇಡೀ ಮಳೆಗಾಲವನ್ನೇ ಹೇಳಬೇಕಾಗುತ್ತದೆ.

ಅದು ಯುದ್ಧದ ಕಾಲ, ನಲವತ್ಮೂರನೇ ಇಸವಿ. ಯುದ್ಧ ಎಲ್ಲಿಯೋ ನಡೆದಿತ್ತು. ನಮ್ಮಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಕಬ್ಬಿಣ ಸಿಗುತ್ತಿರಲಿಲ್ಲ, ಬಸ್ಸುಗಳು ಬೆನ್ನಿಗೆ ಇದ್ದಲಿಯ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡಾಡುತ್ತಿದ್ದವು. ನನಗೆ ಇಪ್ಪತ್ನಾಲ್ಕು ವರ್ಷ. ಹಾನಗಲ್ಲಿನ ಗುರುಪಾದಪ್ಪ ಸಾಹುಕಾರರ ಅಕ್ಕಿ ಗಿರಣಿಯಲ್ಲಿ ಬಡಿಗನಾಗಿದ್ದೆ. ಅಕ್ಕಿ ಗಿರಣಿಯಲ್ಲಿ ಬಡಿಗನಿಗೇನು ಕೆಲಸ ಎಂದು ಕೇಳಬಹುದು. ಸುಗ್ಗಿಯ ಭತ್ತ ಮುಗಿದ ಮೇಲೆ ಗಿರಣಿಯ ಎಂಜಿನ್ನು ಸುಮ್ಮನೆ ಕೂರುತ್ತಿತ್ತು. ಸುಮ್ಮನೆ ಕೂತದ್ದನ್ನು ಕಂಡರೆ ಸಾಹುಕಾರರಿಗೆ ಆಗುತ್ತಿರಲಿಲ್ಲ, ಅದು ಆಳಾಗಲಿ ಎತ್ತಾಗಲಿ ಎಂಜಿನ್ನಾಗಲಿ. ಎಲ್ಲಿಯದೋ ಹರಾಜಿನಲ್ಲಿ ಒಂದು ಹಳೆಯ ಮೇಜುಗರಗಸ ಹಿಡಿದು ತಂದು, ಗಿರಣಿಯ ಪಕ್ಕದ ತಗಡಿನ ಚಪ್ಪರದಲ್ಲಿ ನಿಲ್ಲಿಸಿ, ಅದೇ ಎಂಜಿನ್ನಿನಿಂದ ಇನ್ನೊಂದು ಚರ್ಮದ ಪಟ್ಟಾ ಎಳೆದು ಅದಕ್ಕೆ ಜೀವ ತುಂಬಿದ್ದರು.

ಮೇಜುಗರಗಸವೆಂದರೆ ಕಬ್ಬಿಣದ ಮೇಜು, ಅದರ ನಡುವಿನ ಸೀಳಿನಿಂದ ಅರ್ಧ ತಲೆ ಹೊರಹಾಕಿ ತಿರುಗುವ ದುಂಡು ಗರಗಸ. ಹಲಗೆಯನ್ನು ಉದ್ದಕ್ಕೆ ಸೀಳಬೇಕಾದರೆ ಅದರ ಅಂಚು ಒರಗಿಕೊಂಡು ಜಾರಲು ಪಕ್ಕದಲ್ಲಿ ಒಂದು ನೇರ ಪಟ್ಟಿ ಬೇಕು. ಅದಕ್ಕೆ ನಾವು ಒರಗುಪಟ್ಟಿ ಎನ್ನುತ್ತಿದ್ದೆವು. ನಮ್ಮ ಗರಗಸಕ್ಕೆ ಇದ್ದ ಒರಗುಪಟ್ಟಿ ಒಂದು ಹಳೆಯ ಸಾಗವಾನಿ ರೀಪು. ಅದನ್ನು ಮೇಜಿನ ಈ ತುದಿಗೊಂದು ಆ ತುದಿಗೊಂದು ಹಿಡಿಕೆ ಹಾಕಿ ಬಿಗಿಯಬೇಕು. ಈ ತುದಿ ಬಿಗಿದರೆ ಆ ತುದಿ ಸರಿಯುತ್ತಿತ್ತು. ಆ ತುದಿ ಸರಿಪಡಿಸಿದರೆ ಇದಕ್ಕೆ ಸಿಟ್ಟು ಬರುತ್ತಿತ್ತು. ಪಟ್ಟಿಯ ಹಿಂದಿನ ತುದಿ ಗರಗಸದ ಕಡೆ ಒಂದು ಕೂದಲೆಳೆ ವಾಲಿದರೂ ಸಾಕು, ಹಲಗೆ ನಡುವೆ ಸಿಕ್ಕಿಬೀಳುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು, ಆಮೇಲೆ ಗರಗಸ ಹಲಗೆಯನ್ನು ಎತ್ತಿ ನಮ್ಮ ಮೈಮೇಲೆಯೇ ಒಗೆಯುತ್ತಿತ್ತು. ಹಲಗೆ ಹಾಗೆ ಹಿಂದಕ್ಕೆ ಒದ್ದಾಗ ಅದನ್ನು ಹಿಡಿದ ಕೈ ಎಲ್ಲಿ ಹೋಗುತ್ತದೆ ಎನ್ನುವುದು ಯಾರ ಕೈಯಲ್ಲಿಯೂ ಇರಲಿಲ್ಲ.

ಹಾಗಾಗಿ ಆ ಗರಗಸಕ್ಕೆ ಊರವರು ಇಟ್ಟ ಹೆಸರು ಬೆರಳವ್ವ. ನನಗಿಂತ ಮೊದಲು ಅಲ್ಲಿದ್ದ ಇಬ್ಬರು ಒಂದೊಂದು ಬೆರಳು ಕೊಟ್ಟು ಊರು ಬಿಟ್ಟಿದ್ದರು. ಒಬ್ಬ ಮಾಸೂರಿನಲ್ಲಿ ಕೆರೆಯ ಕೆಳಗಿನ ಗದ್ದೆ ಕಾಯುತ್ತಿದ್ದ, ಇನ್ನೊಬ್ಬ ರಟ್ಟೀಹಳ್ಳಿಯಲ್ಲಿ ಚಹಾ ಮಾರುತ್ತಿದ್ದ. ಊರು ಬಿಡದೆ ಉಳಿದವನು ಹಿರಿಯ ಬಡಿಗ ಮಾನಪ್ಪಜ್ಜ ಒಬ್ಬನೇ. ಅವನ ತೋರುಬೆರಳಿನ ಮೇಲಿನ ಗೆಣ್ಣು ಹೋಗಿತ್ತು, ಅದರ ಬಗ್ಗೆ ಅವನಿಗೆ ಒಂದು ರೀತಿಯ ಹೆಮ್ಮೆಯೂ ಇತ್ತು.

"ಬೆರಳವ್ವ ತನ್ನ ಪಾಲು ತಗೊಳ್ದ ಬಿಡಂಗಿಲ್ಲ ತಮ್ಮಾ," ಎಂದು ನಾನು ಕೆಲಸಕ್ಕೆ ಬಂದ ಮೊದಲ ದಿನವೇ ಹೇಳಿದ್ದ. "ನಂದು ತಗೊಂಡಾಳ, ನಾ ಆರಾಮ ಅದೇನಿ. ನಿಂದು ಇನ್ನೂ ಬಾಕಿ ಐತಿ."

ಆ ಬಾಕಿಯ ಚಿಂತೆ ನನಗೇನೂ ಅಷ್ಟು ಹತ್ತಿರಲಿಲ್ಲ, ಸವಣೂರಿಗೆ ಹೆಣ್ಣು ನೋಡಲು ಹೋಗುವವರೆಗೆ.

ಹೆಣ್ಣಿನ ತಂದೆ ಫಕೀರಪ್ಪನವರಿಗೆ ಸವಣೂರಿನಲ್ಲಿ ಎಲೆತೋಟ. ಅಂಗಳದಲ್ಲಿ ಕೂತು ವೀಳ್ಯದೆಲೆಯ ಕಟ್ಟು ಕಟ್ಟುತ್ತಿದ್ದರು. ಬಲಗೈ ಶಾಲಿನೊಳಗೆ, ಎಡಗೈಯಿಂದಲೇ ಎಲೆಗಳನ್ನು ಸರಸರ ಎಣಿಸುತ್ತಿದ್ದರು. ನನ್ನ ಅವ್ವ ನನ್ನ ಗುಣಗಾನ ಶುರು ಮಾಡಿದ್ದಳು. ಅವರು ಅದನ್ನು ನಡುವೆಯೇ ನಿಲ್ಲಿಸಿ, "ಕೈ ತೋರಸ್ರಿ," ಎಂದರು.

ಹಸ್ತರೇಖೆ ನೋಡುತ್ತಾರೇನೋ ಎಂದು ನಾನು ಅಂಗೈ ಚಾಚಿದೆ.

"ರೇಖಿ ತಗೊಂಡು ಏನ್ ಮಾಡ್ಲಿ? ಬೆರಳು ತೋರಸ್ರಿ, ಬೆರಳು."

ಎಲೆ ಎಣಿಸಿದಂತೆಯೇ ಒಂದೊಂದನ್ನೂ ಮುಟ್ಟಿ, ಬಗ್ಗಿಸಿ, ಉಗುರು ಒತ್ತಿ ಎಣಿಸಿದರು. ಆಮೇಲೆ ಶಾಲಿನೊಳಗಿಂದ ತಮ್ಮ ಬಲಗೈ ತೆಗೆದು ನನ್ನ ಮುಂದೆ ಹಿಡಿದರು. ಹೆಬ್ಬೆರಳು, ಕಿರುಬೆರಳು; ನಡುವಿನ ಮೂರೂ ಇರಲಿಲ್ಲ.

"ನಾನೂ ನಿಮ್ಮಂಗ ಗರಗಸದ ಮ್ಯಾಲೆ ಇದ್ದಾಂವ. ಹುಬ್ಬಳ್ಳಿ ಕಡೆ. ಒಂದ ಹಲಗಿ ಹಿಂದಕ್ಕ ಒದೀತು, ಮೂರೂ ಹೋದುವು," ಎಂದರು. "ತುಳಸಿ ಲಗ್ನ ಮುಗದ ಮ್ಯಾಲೆ ಮದುವಿ ಇಟ್ಕೊಳ್ಳೂಣು. ಆವತ್ತೂ ಹತ್ತು ಇರಬೇಕು. ಒಂಬತ್ತಾದ್ರ ಮಗಳ ಕೊಡಂಗಿಲ್ಲ. ನಮ್ಮ ಮನ್ಯಾಗ ಕಡಿಮಿ ಬೆರಳಿನಾಂವ ನಾ ಒಬ್ಬಾಂವ ಸಾಕು."

ಅವ್ವನ ಮುಖ ಸಣ್ಣದಾಯಿತು. ನನಗೂ ಸಿಟ್ಟು ಬರಬೇಕಾಗಿತ್ತು. ಆದರೆ ಅಷ್ಟರಲ್ಲಿ ಅವಲಕ್ಕಿಯ ತಟ್ಟೆ ಹಿಡಿದು ನೀಲವ್ವ ಬಂದಳು. ತಟ್ಟೆ ಇಟ್ಟವಳು ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಅವಳ ತುಟಿ ಸದ್ದಿಲ್ಲದೆ ಅಲುಗಾಡಿತು: ಒಂದು, ಎರಡು, ಮೂರು. ಹತ್ತರವರೆಗೆ ಬಂದು ಸಮಾಧಾನವಾಗಿ ಒಳಗೆ ಹೋದಳು. ನನ್ನ ಬೆರಳುಗಳ ಬಗ್ಗೆ ಹಡೆದವ್ವ ಬಿಟ್ಟರೆ ಬೇರೆ ಯಾರೂ ಅಷ್ಟು ಕಾಳಜಿ ತೋರಿಸಿದ್ದಿಲ್ಲ. ಮದುವೆಯಾದರೆ ಇವಳನ್ನೇ ಎಂದು ನಾನು ಅವಲಕ್ಕಿ ತಿನ್ನುತ್ತಲೇ ತೀರ್ಮಾನಿಸಿಬಿಟ್ಟೆ.

ಊರಿಗೆ ಬಂದು ಸಾಹುಕಾರರ ಮುಂದೆ ನಿಂತು, ಗರಗಸಕ್ಕೆ ಒಂದು ಒಳ್ಳೆಯ ಒರಗುಪಟ್ಟಿ ಮಾಡಿಸಿರೆಂದು ಕೈಮುಗಿದೆ. "ನಿನ್ನ ಮದುವಿಗೆ ನಾ ಪಟ್ಟಿ ಮಾಡಸ್ಲ್ಯಾ?" ಎಂದು ಅವರು ನಕ್ಕರು. ಆದರೆ ಅದೇ ವಾರ ದಂಡಿನ ಪೆಟ್ಟಿಗೆಗಳು ವಾಪಸು ಬಂದವು. ಸೈನ್ಯಕ್ಕೆ ಸಾಮಾನು ತುಂಬುವ ಮರದ ಪೆಟ್ಟಿಗೆಗಳ ಕಂತ್ರಾಟು ಅವರದು. ಎಂಜಿನ್ನಿಗೆ ಎಣ್ಣೆ ಸಿಗುತ್ತಿದ್ದದ್ದೇ ಅದರ ದಯೆಯಿಂದ. ಪೆಟ್ಟಿಗೆಯ ಪ್ರತಿ ಪಟ್ಟಿಯೂ ಸರಿಯಾಗಿ ನಾಲ್ಕಿಂಚು ಅಗಲ ಇರಬೇಕೆಂಬುದು ಕರಾರು. ನಮ್ಮವು ಒಂದು ತುದಿಗೆ ನಾಲ್ಕು, ಇನ್ನೊಂದು ತುದಿಗೆ ದೇವರಿಚ್ಛೆ. ತಿರುಗಿ ಬಂದ ಪೆಟ್ಟಿಗೆಗಳನ್ನು ಏನು ಮಾಡುವುದೆಂದು ತಿಳಿಯದೆ ಸಾಹುಕಾರರು ಬೇಕಾದವರಿಗೆ ಕೊಟ್ಟುಬಿಟ್ಟರು. ಆ ಮಳೆಗಾಲ ಹಾನಗಲ್ಲಿನ ಕೋಳಿಗಳೆಲ್ಲ ದಂಡಿನ ಪೆಟ್ಟಿಗೆಯಲ್ಲಿ ಮಲಗಿದವು. ಪೆಟ್ಟಿಗೆ ತಿರುಗಿ ಬಂದ ಮರುದಿನವೇ ಸಾಹುಕಾರರು ಶಿಗ್ಗಾಂವಿಯ ಖಾದರಸಾಬರಿಗೆ ಹೇಳಿಕಳಿಸಿದರು.

ಖಾದರಸಾಬರು ನಮ್ಮ ಎಂಜಿನ್ನು ದುರಸ್ತಿ ಮಾಡುತ್ತಿದ್ದ ಮಿಸ್ತ್ರಿ. ಮಾತು ಕಡಿಮೆ, ಬಾಯಲ್ಲಿ ಸದಾ ಒಂದು ಲವಂಗ. ಬೆರಳವ್ವನ ಸುತ್ತ ಮೂರು ಸುತ್ತು ಹಾಕಿ, ಹಳೆಯ ರೀಪನ್ನು ಬೆರಳಿನಿಂದ ತಳ್ಳಿ ನೋಡಿ, ನೆಲದ ಮೇಲೆ ಇದ್ದಲಿಯಿಂದ ಚಿತ್ರ ಬರೆದರು. ಮೇಜಿನ ಮುಂದಿನ ಅಂಚಿಗೆ ಉದ್ದಕ್ಕೂ ಒಂದು ಕಬ್ಬಿಣದ ಹಳಿ. ಹಳಿಯ ಮೇಲೆ ಕೂರುವ ಒಂದು ಗೇಣಿನ ಅಗಲದ ತಲೆ, ಆ ತಲೆಗೆ ಲಂಬಕೋನದಲ್ಲಿ ಜೋಡಿಸಿದ ಉದ್ದನೆಯ ತೋಳು. ತಲೆಯನ್ನು ಹಳಿಯ ಮೇಲೆ ಎಲ್ಲಿ ಜಾರಿಸಿ ನಿಲ್ಲಿಸಿದರೂ ತೋಳು ಗರಗಸಕ್ಕೆ ಸಮನಾಗಿಯೇ ನಿಲ್ಲುತ್ತದೆ. ಒಂದೇ ತಿರುಪು, ಒಂದೇ ಕೈ. ಎರಡು ಕಡೆ ಬಿಗಿಯುವ ರಗಳೆಯೇ ಇಲ್ಲ.

"ಕಬ್ಬಿಣ ಎಲ್ಲಿಂದ ತರ್ತೀರಿ?" ಎಂದು ಸಾಹುಕಾರರು ಕೇಳಿದರು.

ಖಾದರಸಾಬರು ಮೂಲೆಯಲ್ಲಿ ಬಿದ್ದಿದ್ದ ಮುರುಕು ಚಕ್ಕಡಿ ತೋರಿಸಿದರು. ಅದರ ಗಾಲಿಯ ಕಬ್ಬಿಣದ ಬಳೆ ಬಿಚ್ಚಿಕೊಂಡು ಹೋಗಿ, ಕಾಯಿಸಿ ಬಡಿದು ನೇರ ಮಾಡಿ, ಅರ ಹಾಕಿ ತಿಕ್ಕಿ, ಕಾರಹುಣ್ಣಿಮೆಗೆ ಎರಡು ದಿನ ಮೊದಲು ತಂದು ಕೂರಿಸಿದರು. ಮೊದಲ ಹಲಗೆಯನ್ನು ನಾನೇ ದಬ್ಬಿದೆ. ಹಲಗೆ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಸೀಳಿದ ಅಂಚು ಕನ್ನಡಿಯಂತಿತ್ತು. ಇಪ್ಪತ್ತು ಪಟ್ಟಿ ಸೀಳಿ ಒಂದರ ಮೇಲೊಂದು ಇಟ್ಟರೆ ಗೋಡೆ ಕಟ್ಟಿದ ಹಾಗೆ ಸಮ. ನನಗೆ ಆನಂದದಿಂದ ಕಣ್ಣು ತುಂಬಿತು. ನಾನು ಆ ಕ್ಷಣದಲ್ಲಿ ಕಂಡದ್ದು ನಾಲ್ಕಿಂಚಿನ ಪಟ್ಟಿಗಳನ್ನಲ್ಲ, ಅವಲಕ್ಕಿಯ ತಟ್ಟೆಯನ್ನು.

ಮೆಚ್ಚದವನು ಮಾನಪ್ಪಜ್ಜ ಒಬ್ಬನೇ. ಅವನು ಹಳಿಯ ತುದಿಗೆ ಕಣ್ಣು ಹಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದ. ಮೂವತ್ತು ವರ್ಷ ಕಣ್ಣಳತೆಯಲ್ಲಿಯೇ ಕೆಲಸ ಮಾಡಿದ ಮುದುಕ ಅವನು.

"ಈಗ ನೆಟ್ಟಗೈತಿ," ಎಂದ. "ಆದ್ರ ಇದು ಗಾಲಿ ಬಳಿ. ಹುಟ್ಟಿದಾಗಿಂದ ದುಂಡಗ ಇದ್ದದ್ದು. ನೀ ಬಡದು ಮಲಗಿಸಿದಿ ಅಂತ ಅದು ಮರೀತೈತೇನು? ಮತ್ತ ದುಂಡಗಾಗಾಕ ಹೊಂಡ್ತೈತಿ, ನೋಡ್ತಿರು."

ಖಾದರಸಾಬರು ಲವಂಗ ಕಡಿದರು.

ಬಡಿಗರಿಗೆ ಅಮಾವಾಸ್ಯೆ ರಜೆ. ಅಂದು ಹತ್ಯಾರ ಮುಟ್ಟುವುದಿಲ್ಲ, ಅವುಗಳಿಗೆ ಪೂಜೆ. ಹೊಸ ಒರಗುಪಟ್ಟಿ ಬಂದ ಮೇಲಿನ ಮೊದಲ ಅಮಾವಾಸ್ಯೆ ಮಣ್ಣೆತ್ತಿನದು. ಊರೆಲ್ಲ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಿದ್ದರೆ ಮಾನಪ್ಪಜ್ಜ ಬೆರಳವ್ವನ ಪೂಜೆಗೆ ಕೂತ. ಗರಗಸದ ತಟ್ಟೆಗೆ ವಿಭೂತಿ ಹಚ್ಚಲು ಅವನಿಗೆ ಧೈರ್ಯವಿರಲಿಲ್ಲ, ನಿಂತಿದ್ದರೂ ನಂಬಿಕೆಯಿಲ್ಲ. ಹಾಗಾಗಿ ಹೊಸ ಪಟ್ಟಿಯ ತಲೆಯನ್ನು ಎತ್ತಿ ಪಕ್ಕಕ್ಕಿಟ್ಟು, ಅದು ಕೂರುವ ಜಾಗದಲ್ಲಿ ಹಳಿಯ ಮೇಲೆಯೇ ವಿಭೂತಿ ಎಳೆದು, ಕುಂಕುಮ, ಅರಿಸಿನದ ಭಂಡಾರ ಇಟ್ಟು, ಬೆಲ್ಲ ನೈವೇದ್ಯ ಮಾಡಿ, ಕಾಯಿ ಒಡೆದು ನೀರು ಚಿಮುಕಿಸಿದ. "ಇದs ಅಕೀ ಮುಖ," ಎಂದ. ನಾವೆಲ್ಲ ಕೈಮುಗಿದೆವು.

ಅದೇ ಹೊತ್ತಿಗೆ ಚಪ್ಪರದ ಹೊರಗೆ ಯಾರೋ ಕೆಮ್ಮಿದರು. ಜಿಟಿಜಿಟಿ ಮಳೆಯಲ್ಲಿ ಛತ್ರಿ ಹಿಡಿದು ಫಕೀರಪ್ಪನವರು ನಿಂತಿದ್ದರು. ಅಮಾವಾಸ್ಯೆಯೆಂದರೆ ಗರಗಸ ನಿಂತಿರುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು. ತಿರುಗುವ ಗರಗಸದ ಸದ್ದು ಕೇಳಿದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲವಂತೆ.

"ಒಳಗ ಬರ್ರಿ, ಮಾವಾರ," ಎಂದೆ.

"ಒಳಗ ಬ್ಯಾಡ. ನೀವ ಇಲ್ಲಿ ಬರ್ರಿ. ಕೈ ಹೊರಗ ಹಿಡೀರಿ."

ಮಳೆಯಲ್ಲಿ ಕೈ ಚಾಚಿ ನಿಂತೆ. ಎಣಿಸಿದರು. "ಹತ್ತು," ಎಂದು ಹೇಳಿ, ನಮ್ಮ ಮನೆಯಲ್ಲಿ ಹೋಳಿಗೆ ಉಂಡು, ಇದ್ದಲಿ ಬಸ್ಸು ಹಿಡಿದು ಹೋದರು. ದಿನ್ನೆ ಬಂದಲ್ಲೆಲ್ಲ ಇಳಿದು ಬಸ್ಸು ದಬ್ಬಬೇಕಾಗಿದ್ದ ಆ ಕಾಲದಲ್ಲಿ ಸವಣೂರಿನಿಂದ ಹಾನಗಲ್ಲಿಗೆ ಬೆರಳೆಣಿಸಲೆಂದೇ ಒಬ್ಬ ಮನುಷ್ಯ ಬರುತ್ತಾನೆಂದರೆ ಊರಿಗೆ ಅದೊಂದು ತಮಾಷೆಯಾಯಿತು. ನಾಗರ ಅಮಾವಾಸ್ಯೆಗೆ ಮತ್ತೆ ಬಂದರು, ಹತ್ತು. ಬೆನಕನ ಅಮಾವಾಸ್ಯೆಗೆ ಬಂದಾಗ ನಾಲ್ಕು ಜನ ನೋಡಲು ಸೇರಿದ್ದರು. "ಹತ್ತು" ಎಂದಾಗ ಒಬ್ಬ ಚಪ್ಪಾಳೆಯನ್ನೂ ತಟ್ಟಿದ.

ಆದರೆ ಅಷ್ಟರಲ್ಲಿ ಬೆರಳವ್ವನ ರೀತಿ ಬದಲಾಗತೊಡಗಿತ್ತು. ಶ್ರಾವಣ ಮುಗಿಯುವ ಹೊತ್ತಿಗೆ ಹಲಗೆ ಹಿಂದಿನ ತುದಿಗೆ ಹೋದಾಗ ಸ್ವಲ್ಪ ಬಿಗಿಯಾಗುತ್ತಿತ್ತು. ಹಲಗೆ ಹಸಿ ಇದೆ ಎಂದುಕೊಂಡೆವು. ಭಾದ್ರಪದದಲ್ಲಿ ಅಂಚು ಕಂದುಗಟ್ಟತೊಡಗಿತು. ಮಳೆಗೆ ಚರ್ಮದ ಪಟ್ಟಾ ಜಾರುತ್ತಿದೆ ಎಂದುಕೊಂಡು ರಾಳ ಹಾಕಿದೆವು. ಆಮೇಲೆ ಸುಟ್ಟ ವಾಸನೆ. ಅದಕ್ಕೆ ಮಾನಪ್ಪಜ್ಜನಲ್ಲಿ ಮದ್ದಿತ್ತು: ದೃಷ್ಟಿಯಾಗಿದೆ ಎಂದು ಮಹಾಲಯ ಅಮಾವಾಸ್ಯೆಗೆ ಪೂಜೆ ಜೋರು ಮಾಡಿದ. ಎರಡು ಕಾಯಿ, ಇಮ್ಮಡಿ ಬೆಲ್ಲ, ಅಂಗೈ ತುಂಬ ಭಂಡಾರ. ಮರುದಿನ ಗರಗಸ ಇನ್ನೂ ಕೆಟ್ಟಿತ್ತು. ನವರಾತ್ರಿಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಐದು ಕಾಯಿ ಒಡೆಸಿ, ಅಗಸೆಎಣ್ಣೆಯ ದೀಪ ಹಚ್ಚಿ, ಹಳಿಗೆ ಕೈಯಾರೆ ಎಣ್ಣೆ ಸವರಿದ. ಗರಗಸ ಪೂರ್ತಿ ಹುಚ್ಚಾಯಿತು.

ವಿಜಯದಶಮಿಯ ಮರುದಿನ ನಾನು ಒಂದು ಹಲಗೆ ದಬ್ಬುತ್ತಿದ್ದೆ. ಮುಕ್ಕಾಲು ಭಾಗ ಹೋಗಿತ್ತು. ಹೊಗೆ ಬಂತು. ಕೈ ಹಿಂದೆಗೆಯುವಷ್ಟರಲ್ಲಿ ಹಲಗೆ ಹಿಂದಕ್ಕೆ ಒದೆಯಿತು. ಅದು ನನ್ನ ಕಂಕುಳ ಪಕ್ಕದಿಂದ ಹಾರಿ, ಬಾಗಿಲಿನಿಂದ ಹೊರಟು, ಗಿರಣಿಯ ಕಟ್ಟೆಯ ಮೇಲೆ ಗೂಟಕ್ಕೆ ಹಾಕಿದ್ದ ಸಾಹುಕಾರರ ರುಮಾಲನ್ನೂ ಎತ್ತಿಕೊಂಡು ಹೋಗಿ ಕಸದ ಗುಂಡಿಯಲ್ಲಿ ನೆಟ್ಟುಕೊಂಡಿತು. ಕಟ್ಟೆಯ ಮೇಲೆ ಕೂತಿದ್ದ ಸಾಹುಕಾರರು ಬೋಳುತಲೆಯ ಮೇಲೆ ಕೈಯಿಟ್ಟು ನೋಡಿಕೊಂಡರು. ನಾನು ನನ್ನ ಕೈ ನೋಡಿಕೊಂಡೆ. ಎಡಗೈಯ ಹೆಬ್ಬೆರಳಿನಿಂದ ರಕ್ತ ಸುರಿಯುತ್ತಿತ್ತು. ಬೆರಳು ಇತ್ತು. ಉಗುರು ಅರ್ಧ ಕಿತ್ತಿತ್ತು. ಒಂದು ಗೋಧಿಕಾಳಿನಷ್ಟು ಆಚೆ ಬಿದ್ದಿದ್ದರೆ ಬೆರಳೇ ಇರುತ್ತಿರಲಿಲ್ಲ. ನಾನು ಅಲ್ಲಿಯೇ ಮರದ ಹೊಟ್ಟಿನ ಮೇಲೆ ಕೂತುಬಿಟ್ಟೆ. ಸತ್ಯ ಹೇಳಬೇಕೆಂದರೆ ಅತ್ತೆ.

ಮಾನಪ್ಪಜ್ಜ ಹಳಿಗೆ ಕಣ್ಣು ಹಚ್ಚಿದ. "ನಾ ಹೇಳಿರಲಿಲ್ಲ? ಉಬ್ಬೇತಿ ನೋಡು. ದುಂಡಗಾಗಾಕತ್ತೈತಿ," ಎಂದ. ನಾನೂ ಕಣ್ಣು ಹಚ್ಚಿದೆ. ಸುಳ್ಳಲ್ಲ, ತಲೆ ಕೂರುವ ಜಾಗದ ಒಂದು ಬದಿಗೆ ಹಳಿ ಉಬ್ಬಿದ್ದು ಸ್ಪಷ್ಟ ಕಾಣುತ್ತಿತ್ತು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಹಳಿ ಬಿಚ್ಚಿ ಹೆಗಲ ಮೇಲಿಟ್ಟು, ಇನ್ನೊಮ್ಮೆ ಬಡಿಸಿ ತರುತ್ತೇನೆಂದು ಶಿಗ್ಗಾಂವಿಗೆ ಹೊರಟೆ. ಹಳಿಗೆ ಹಚ್ಚಿದ ಪೂಜೆ ಅಳಿಸಬಾರದೆಂದು ಮಾನಪ್ಪಜ್ಜ ಅದರ ಮೇಲೆ ಬಾಳೆಎಲೆ ಸುತ್ತಿ ಕಳಿಸಿದ.

ಶಿಗ್ಗಾಂವಿಯಲ್ಲಿ ಖಾದರಸಾಬರ ಅಂಗಡಿಗೆ ಬೀಗ. ಸವಣೂರಿಗೆ ತಂಗಿಯ ಮನೆಗೆ ಹೋಗಿದ್ದಾರೆ ಎಂದರು ಪಕ್ಕದವರು. ಸವಣೂರು ಎಂದಾಗ ಬಟ್ಟೆ ಸುತ್ತಿದ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟೆ. ಹೋಗದೆ ಗತಿಯಿರಲಿಲ್ಲ. ಸವಣೂರಿನಲ್ಲಿ ಇಳಿದು, ತಲೆ ತಗ್ಗಿಸಿ, ಫಕೀರಪ್ಪನವರ ಓಣಿ ತಪ್ಪಿಸಿ ಹೋಗುತ್ತಿದ್ದವನಿಗೆ ಎದುರಿನಿಂದ ಎಲೆಯ ಬುಟ್ಟಿ ಹೊತ್ತ ಫಕೀರಪ್ಪನವರೇ ಬಂದರು. ಹೆಗಲ ಮೇಲೆ ಆರಡಿ ಕಬ್ಬಿಣ ಹೊತ್ತ ಅಳಿಯ ಅಡಗಿಕೊಳ್ಳುವುದಾದರೂ ಎಲ್ಲಿ?

ಮನೆಗೆ ಕರೆದೊಯ್ದು ಅಂಗಳದಲ್ಲಿ ಕೂರಿಸಿ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿಸಿದರು. ಕರ‍್ರಗಾದ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಒಂಬತ್ತೂವರಿ," ಎಂದರು.

"ಹತ್ತು ಅದಾವ ಮಾವಾರ. ಉಗುರು ಅಷ್ಟ ಹೋಗೇತಿ. ಬರ್ತೈತಿ."

"ನಂದೂ ಮೊದಲ ಉಗುರs ಹೋಗಿತ್ತು," ಎಂದರು ಅವರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ; ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. "ಈರಣ್ಣಾ, ನೀವು ಛಲೋ ಹುಡುಗ ಅದೀರಿ. ಆದ್ರ ಆ ಗರಗಸ ನೆಟ್ಟಗಾಗೂತನಾ ಮದುವಿ ಮಾತು ಬ್ಯಾಡ. ಖಾದರಸಾಬರ್ನ ನಾನs ಕರಕೊಂಡು ಬರ್ತೇನಿ. ನೆಟ್ಟಗಾಗಂಗಿಲ್ಲ ಅಂತ ಅವರು ಅಂದ್ರ ಮುಗೀತು."

ಅವರು ಎದ್ದು ಹೋದರು. ನಾನು ಕಟ್ಟೆಯ ಮೇಲೆ ಕೂತು ನನ್ನ ಒಂಬತ್ತೂವರೆ ಬೆರಳು ನೋಡುತ್ತ, ಇನ್ನು ಊರಿಗೆ ಹೋಗಿ ಅವ್ವನಿಗೆ ಏನೆಂದು ಹೇಳಲಿ ಎಂದು ಯೋಚಿಸುತ್ತಿದ್ದೆ. ಒಳಗಿಂದ ನೀಲವ್ವ ನೀರಿನ ತಂಬಿಗೆ ತಂದಿಟ್ಟವಳು ಗೋಡೆಗೆ ಒರಗಿಸಿದ್ದ ಹಳಿಯ ಕಡೆ ನೋಡಿ ಮುಖ ಕಿವಿಚಿದಳು. ಬಾಳೆಎಲೆಯ ಕೆಳಗಿನಿಂದ ಕೆಂಪಿರುವೆಯ ಸಾಲು ಹೊರಟು ನೇರ ಅಡುಗೆಮನೆಯ ಕಡೆ ಸಾಗಿತ್ತು.

"ಇದೇನ್ರಿ ಇದು, ಇರಿವಿ ಮನಿತುಂಬಾ?"

"ಅದು ಪೂಜಿದು. ಮುಟ್ಟಬ್ಯಾಡ್ರಿ," ಎಂದೆ.

ಆಕೆ ಎಲೆ ಸರಿಸಿ ನೋಡಿದಳು. ವಿಭೂತಿ, ಕುಂಕುಮ, ಭಂಡಾರ, ಬೆಲ್ಲ, ಕಾಯಿನೀರು, ಅಗಸೆಎಣ್ಣೆ, ಮೇಲೆ ಮರದ ಹೊಟ್ಟು. ನಾಲ್ಕು ಅಮಾವಾಸ್ಯೆ, ಒಂದು ಖಂಡೇಪೂಜೆ. ಉಗುರಿನಿಂದ ಕೆರೆದಳು, ಬರಲಿಲ್ಲ. ಒಣಗಿ ಅರಗಿನಂತಾಗಿತ್ತು.

"ತೊಳದs ಇಲ್ಲೇನ್ರಿ ಇದನ್ನ?"

"ಪೂಜಿ ಮಾಡಿದ್ದು ಯಾರರ ತೊಳೀತಾರೇನ್ರಿ?"

"ಮನ್ಯಾಗಿನ ದೇವರು ದಿನಾ ಜಳಕ ಮಾಡ್ತಾವ. ಇದೇನು ಪಾಪ ಮಾಡೇತಿ?" ಎಂದಳು. ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ಹಳಿಯನ್ನು ಬಚ್ಚಲಕಟ್ಟೆಗೆ ಎಳೆದುಕೊಂಡು ಹೋಗಿ, ದೀಪದ ಸಮೆ ಬೆಳಗುವ ಹುಣಸೆಹಣ್ಣು ಬೂದಿ ತಂದು, ತೆಂಗಿನ ನಾರಿನಿಂದ ತಿಕ್ಕತೊಡಗಿದಳು. ಐದು ಪೂಜೆಗಳ ಭಕ್ತಿ ಕೆಂಪು ಹಳದಿ ನೀರಾಗಿ ಮೋರಿಗೆ ಹರಿಯಿತು. ಮಾನಪ್ಪಜ್ಜನಿಗೆ ಏನು ಹೇಳಲಿ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ತೆರೆಯುವ ಹೊತ್ತಿಗೆ ಖಾದರಸಾಬರು ಬಂದಿದ್ದರು. ಅಂಗಳದಲ್ಲಿ ಹಳಿ ಮಲಗಿಸಿ, ದಾರಕ್ಕೆ ದೀಪದ ಕಾಡಿಗೆ ಹಚ್ಚಿ, ತುದಿಯಿಂದ ತುದಿಗೆ ಎಳೆದು ಮೀಟಿದರು. ಕಪ್ಪು ಗೆರೆ ಹಳಿಯ ಉದ್ದಕ್ಕೂ ಎಲ್ಲಿಯೂ ಮುರಿಯದೆ ಕೂತಿತು. ಇನ್ನೊಂದು ಬದಿಗೂ ಮೀಟಿದರು. ಅದೇ. ಬಾಯಿಂದ ಲವಂಗ ತೆಗೆದು ಕೈಯಲ್ಲಿಟ್ಟುಕೊಂಡರು, ಇನ್ನು ಮಾತಾಡಬೇಕಾಗಿದೆ ಎಂಬಂತೆ.

"ಇದಕ್ಕೇನಾಗೇತಿ? ನಾ ಕೊಟ್ಟಾಗ ಹೆಂಗಿತ್ತೋ ಹಂಗ ಐತಿ."

"ಉಬ್ಬಿತ್ತ್ರಿ," ಎಂದೆ. "ನಾನs ಕಣ್ಣಾರೆ ನೋಡೇನಿ. ಮಾನಪ್ಪಜ್ಜನೂ ನೋಡ್ಯಾನ."

ನೀಲವ್ವ ಬಚ್ಚಲಕಟ್ಟೆಯಿಂದ ಒಂದು ಚೂರು ತಂದು ಖಾದರಸಾಬರ ಅಂಗೈಗೆ ಹಾಕಿದಳು. ತಿಕ್ಕುವಾಗ ಎದ್ದುಬಂದಿದ್ದ ಪೂಜೆಯ ಹೆಕ್ಕಳಿಕೆ. ದುಡ್ಡಿನಷ್ಟು ದಪ್ಪ. ಖಾದರಸಾಬರು ಅದನ್ನು ತಿರುಗಿಸಿ ನೋಡಿದರು, ಮೂಸಿದರು, ಫಕೀರಪ್ಪನವರಿಗೆ ಕೊಟ್ಟರು. ಅವರು ನನಗೆ ಕೊಟ್ಟರು. ಹಳಿಯ ಮೇಲೆ ತಲೆಯ ಒಂದು ಬದಿಗೆ ಇಷ್ಟು ದಪ್ಪದ ಅಡ್ಡಿ ಬಿದ್ದರೆ, ಎರಡು ಮೊಳ ಆಚೆಯ ತೋಳಿನ ತುದಿ ಗರಗಸದ ಕಡೆ ಎಷ್ಟು ವಾಲಬೇಕು! ಗರಗಸ ಕೆಟ್ಟಷ್ಟೂ ನಾವು ಪೂಜೆ ಹೆಚ್ಚಿಸಿದ್ದೆವು, ಪೂಜೆ ಹೆಚ್ಚಾದಷ್ಟೂ ಗರಗಸ ಕೆಟ್ಟಿತ್ತು. ಮರ, ಮಳೆ, ಪಟ್ಟಾ, ಕಬ್ಬಿಣ, ದೃಷ್ಟಿ, ಎಲ್ಲದರ ಮೇಲೆಯೂ ಅನುಮಾನಪಟ್ಟಿದ್ದೆವು. ದೇವರಿಗೆ ಹಚ್ಚಿದ್ದಕ್ಕೂ ದಪ್ಪ ಇರುತ್ತದೆ ಎನ್ನುವುದು ಅಷ್ಟು ಗಂಡಸರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ.

ಮೊದಲು ನಕ್ಕವರು ಫಕೀರಪ್ಪನವರು. ಹೊಟ್ಟೆ ಹಿಡಿದುಕೊಂಡು, ಶಾಲು ಜಾರಿ ಬಿದ್ದದ್ದು ಗೊತ್ತಾಗದ ಹಾಗೆ ನಕ್ಕರು.

ಹಾನಗಲ್ಲಿಗೆ ಬಂದು ಹಳಿ ಕೂರಿಸಿದೆವು. ಹಲಗೆ ಮತ್ತೆ ಬೆಣ್ಣೆಯಂತೆ ಹೋಯಿತು. ಮಾನಪ್ಪಜ್ಜ ತೊಳೆದ ಸುದ್ದಿ ಕೇಳಿ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಹಳಿಗೆ ಕಣ್ಣು ಹಚ್ಚಿ ನೋಡಿ, "ಉಬ್ಬು ಕಂಡಾಂವ ನಾನು, ಅದನ್ನ ಮರೀಬ್ಯಾಡ," ಎಂದ. ಅದು ನಿಜವೇ, ಅವನ ಕಣ್ಣು ತಪ್ಪಿರಲಿಲ್ಲ. ದೀಪಾವಳಿಯ ಅಮಾವಾಸ್ಯೆಗೆ ಅವನೇ ಪೂಜೆ ಮಾಡಿದ, ಪಾಡ್ಯದ ಮುಂಜಾನೆ ಅವನೇ ಹುಣಸೆಹಣ್ಣು ಹಿಡಿದು ಬಂದ. "ಅಕೀಗೂ ಜಳಕ ಬೇಕಲ್ಲ," ಎಂದು ನಮಗೆಲ್ಲ ತಾನೇ ಕಂಡುಹಿಡಿದವನಂತೆ ತಿಳಿಸಿ ಹೇಳಿದ. ಪೆಟ್ಟಿಗೆಗಳು ವಾಪಸು ಬರುವುದು ನಿಂತಿತು. ಕೋಳಿ ಸಾಕಿದವರು ಮಾತ್ರ ಬೇಸರಪಟ್ಟರು.

ತುಳಸಿ ಲಗ್ನವಾಗಿ ಎಂಟು ದಿನಕ್ಕೆ ಸವಣೂರಿನಲ್ಲಿ ನಮ್ಮ ಮದುವೆಯಾಯಿತು. ಅಕ್ಕಿಕಾಳು ಬೀಳುವ ಮೊದಲು ಫಕೀರಪ್ಪನವರು ಎಲ್ಲರ ಎದುರಿಗೆ ನನ್ನ ಬೆರಳೆಣಿಸಿದರು. ಹೆಬ್ಬೆರಳಿಗೆ ಹೊಸ ಉಗುರಿನ ಚೂರು ಮೂಡಿತ್ತು. ಅದನ್ನು ಎರಡು ಸಲ ಮುಟ್ಟಿ ನೋಡಿ "ಹತ್ತು" ಎಂದರು. ಅಯ್ಯನವರು ಮಂತ್ರ ಮುಂದುವರಿಸಿದರು.

ಮಗಳನ್ನು ಮನೆ ತುಂಬಿಸಲು ಹಾನಗಲ್ಲಿಗೆ ಬಂದ ಮಾವನವರು ಮರುದಿನ ಬೆಳಿಗ್ಗೆ ಗಿರಣಿಯ ಕಡೆ ಬಂದರು. ಅಂದು ಅಮಾವಾಸ್ಯೆಯಲ್ಲ. ಎಂಜಿನ್ನು ನಡೆದಿತ್ತು, ಗರಗಸ ತಿರುಗುತ್ತಿತ್ತು. ಎಂದಿನಂತೆ ಚಪ್ಪರದ ಹೊರಗೆ ನಿಂತರು. ಬೆನ್ನಿಗೆ ನೀಲವ್ವ, ನನ್ನ ಬುತ್ತಿ ಹಿಡಿದುಕೊಂಡು. ಬಹಳ ಹೊತ್ತು ನಾನು ಹಲಗೆ ಸೀಳುವುದನ್ನೇ ನೋಡಿದರು. ಆಮೇಲೆ ಚಪ್ಪಲಿ ಕಳಚಿ ಹೊಸ್ತಿಲು ದಾಟಿ ಒಳಗೆ ಬಂದರು. ಶಾಲು ತೆಗೆದು ಮಾನಪ್ಪಜ್ಜನ ಹೆಗಲ ಮೇಲಿಟ್ಟರು.

"ಒಂದು ಹಲಗಿ ನಾ ದಬ್ಬಲಿ?" ಎಂದರು.

ನೀಲವ್ವನ ಮುಖ ನೋಡಿದೆ. ಅವಳ ಕಣ್ಣು ತುಂಬಿತ್ತು, ಆದರೆ ತಲೆ ಹೌದೆಂದು ಅಲ್ಲಾಡಿತು. ನಾನು ಪಕ್ಕಕ್ಕೆ ಸರಿದೆ. ಅವರು ಹಲಗೆಯನ್ನು ಎಡಗೈಯಿಂದ ಪಟ್ಟಿಗೆ ಒರಗಿಸಿ, ಎರಡೇ ಬೆರಳಿನ ಬಲಗೈಯನ್ನು ಅದರ ಹಿಂದಿಟ್ಟು, ಹದವಾಗಿ ದಬ್ಬಿದರು. ಹಲಗೆ ಒಂದು ಕೂದಲೆಳೆಯೂ ಪಟ್ಟಿ ಬಿಟ್ಟು ಸರಿಯಲಿಲ್ಲ. ಎಷ್ಟೋ ವರ್ಷ ಮುಟ್ಟದ ಕೆಲಸವನ್ನು ಆ ಕೈ ಮರೆತಿರಲಿಲ್ಲ. ಹಲಗೆ ತುದಿಯವರೆಗೂ ಹೋಗಿ ಎರಡಾಗಿ ಆಚೆ ಬಿತ್ತು. ಹೊಗೆಯಿಲ್ಲ, ವಾಸನೆಯಿಲ್ಲ.

ಎಂಜಿನ್ನು ನಿಲ್ಲಿಸಿದರು ಯಾರೋ. ಆ ನಿಶ್ಶಬ್ದದಲ್ಲಿ ಮಾವನವರು ತಮ್ಮ ಎರಡೂ ಕೈ ಮುಖದ ಮುಂದೆ ಹಿಡಿದು, ನನ್ನವನ್ನು ಎಣಿಸುತ್ತಿದ್ದಂತೆಯೇ ಒಂದೊಂದನ್ನೂ ಬಗ್ಗಿಸಿ ಎಣಿಸಿಕೊಂಡರು. ಆಮೇಲೆ ಮಗಳ ಕಡೆ ತಿರುಗಿದರು.

"ಏಳೂ ಅದಾವ ಬೇ, ನೀಲೀ," ಎಂದರು. "ಏಳಕ್ಕ ಏಳೂ ಅದಾವ."